ನ್ಯೂಕ್ಲಿಯರ್ ಸ್ಕ್ಯಾನ್ ಎಂದರೆ ಭಯ ಬೇಡ: ಹೃದಯ, ಮೆದುಳು ಹಾಗೂ ಇತರ ರೋಗಗಳ ಪತ್ತೆಗೆ ಅಣು ವೈದ್ಯಕೀಯ

ಉತ್ತರ ಕನ್ನಡ ಜಿಲ್ಲೆಯವರಾದ ನಮಗೆ ‘ಅಣು’ ಎಂಬ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ಕೈಗಾ. ಕಾಳಿ ನದಿಯ ದಂಡೆಯ ಆ ಸ್ಥಾವರದ ಮೊದಲ ಎರಡು ಘಟಕಗಳು 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಂದು ಅಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ಆಗ ವಿಶ್ವದಾಖಲೆ ಮಾಡಿತ್ತು. ಸ್ಥಾವರ ಬರುವಾಗ ನಡೆದ ಚಳವಳಿ, ವಿಕಿರಣದ ಬಗ್ಗೆ ಜನರಲ್ಲಿ ಹುಟ್ಟಿದ ಆತಂಕ ಇವೂ ನಮ್ಮ ನೆನಪಿನಲ್ಲಿವೆ. ಹೀಗಾಗಿ ವೈದ್ಯರು ಚೀಟಿಯಲ್ಲಿ ‘ನ್ಯೂಕ್ಲಿಯರ್ ಸ್ಕ್ಯಾನ್’ ಎಂದು ಬರೆದುಕೊಟ್ಟರೆ ಎಷ್ಟೋ ಮನೆಗಳಲ್ಲಿ ಮೊದಲು ಹುಟ್ಟುವುದು ಭಯ. ಮೈಯೊಳಗೆ ಅಣುವನ್ನು ಚುಚ್ಚುತ್ತಾರೆಯೇ? ಅದರಿಂದಲೇ ಕ್ಯಾನ್ಸರ್ ಬಂದರೆ? ಮನೆಯ ಮಕ್ಕಳಿಗೆ ತೊಂದರೆಯಾಗದೇ? ಎಂಬ ಪ್ರಶ್ನೆಗಳು ಕಾಡುತ್ತವೆ.

ಪ್ರಶ್ನೆಗಳು ಸಹಜವೇ. ಆದರೆ ಉತ್ತರ ತಿಳಿಯದೆ ಪರೀಕ್ಷೆಯನ್ನೇ ಕೈಬಿಟ್ಟರೆ ನಷ್ಟ ನಮ್ಮದೇ. ಕುಮಟಾ ತಾಲ್ಲೂಕಿನ ಹೊಳನಗದ್ದೆಯಂತಹ ಕರಾವಳಿ ಹಳ್ಳಿಯಿಂದ ಈ ಪರೀಕ್ಷೆಗಾಗಿ ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ ಹೋಗುವುದೆಂದರೆ ಒಂದು ದಿನದ ಕೂಲಿ, ಪ್ರಯಾಣದ ಖರ್ಚು, ಜೊತೆಗೊಬ್ಬರ ಓಡಾಟ ಎಲ್ಲವೂ ಸೇರುತ್ತದೆ. ಅಷ್ಟು ಕಷ್ಟಪಟ್ಟು ಹೋಗುವ ಮೊದಲು ಈ ಪರೀಕ್ಷೆ ಏನು, ಯಾವುದಕ್ಕೆ, ಎಷ್ಟು ಸುರಕ್ಷಿತ ಎಂಬುದನ್ನು ತಿಳಿದುಕೊಳ್ಳೋಣ.

ಹೊರಗಿನ ಬೆಳಕು, ಒಳಗಿನ ದೀಪ

ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್‌ನಲ್ಲಿ ಯಂತ್ರವು ಹೊರಗಿನಿಂದ ಕಿರಣಗಳನ್ನು ದೇಹದ ಮೂಲಕ ಹಾಯಿಸುತ್ತದೆ. ಎಲುಬು, ಶ್ವಾಸಕೋಶ, ಗಡ್ಡೆ ಇವುಗಳ ಆಕಾರ ಅದರಲ್ಲಿ ಕಾಣುತ್ತದೆ. ಅಂದರೆ ಅದು ದೇಹದ ರಚನೆಯ ಚಿತ್ರ. ಆದರೆ ರಚನೆ ಸರಿಯಿದ್ದ ಮಾತ್ರಕ್ಕೆ ಕೆಲಸ ಸರಿಯಿದೆ ಎನ್ನಲಾಗದು. ಮನೆಯ ಗೋಡೆ ಗಟ್ಟಿಯಾಗಿದೆ ಎಂದರೆ ಒಳಗಿನ ಒಲೆ ಉರಿಯುತ್ತಿದೆ ಎಂದು ಅರ್ಥವಲ್ಲ.

ನ್ಯೂಕ್ಲಿಯರ್ ಮೆಡಿಸಿನ್ ಇದಕ್ಕೆ ವಿರುದ್ಧ ದಾರಿ ಹಿಡಿಯುತ್ತದೆ. ಇಲ್ಲಿ ಬಹಳ ಸ್ವಲ್ಪ ಪ್ರಮಾಣದ ವಿಕಿರಣಶೀಲ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಕೆಲವು ಪರೀಕ್ಷೆಗಳಲ್ಲಿ ನುಂಗಿಸುತ್ತಾರೆ ಅಥವಾ ಉಸಿರಿನಲ್ಲಿ ಎಳೆದುಕೊಳ್ಳಲು ಹೇಳುತ್ತಾರೆ. ಈ ಔಷಧಿ ಎರಡು ಭಾಗಗಳಿಂದ ಆಗಿದೆ. ಒಂದು, ನಿರ್ದಿಷ್ಟ ಅಂಗವನ್ನು ಹುಡುಕಿಕೊಂಡು ಹೋಗುವ ರಾಸಾಯನಿಕ. ಇನ್ನೊಂದು, ಅದಕ್ಕೆ ಕಟ್ಟಿದ ವಿಕಿರಣಶೀಲ ಪರಮಾಣು. ಅಂಗವನ್ನು ಸೇರಿದ ಮೇಲೆ ಆ ಪರಮಾಣುವಿನಿಂದ ಹೊರಡುವ ಗ್ಯಾಮಾ ಕಿರಣಗಳನ್ನು ಹೊರಗಿರುವ ಕ್ಯಾಮೆರಾ ಹಿಡಿಯುತ್ತದೆ. ಇಲ್ಲಿ ಕಿರಣ ಸೂಸುವುದು ಯಂತ್ರವಲ್ಲ, ಯಂತ್ರ ನೋಡುತ್ತದೆ ಅಷ್ಟೆ.

ರಾತ್ರಿ ಹೊತ್ತು ನಮ್ಮ ಕಡಲದಂಡೆಯಲ್ಲಿ ನಿಂತು ನೋಡಿದರೆ ದೂರದಲ್ಲಿರುವ ದೋಣಿಗಳು ಕಾಣುವುದಿಲ್ಲ, ಅವುಗಳ ದೀಪಗಳು ಕಾಣುತ್ತವೆ. ಎಲ್ಲಿ ದೀಪಗಳು ಒತ್ತಾಗಿವೆ, ಎಲ್ಲಿ ಕತ್ತಲಿದೆ ಎಂಬುದರಿಂದಲೇ ದೋಣಿಗಳು ಎಲ್ಲಿ ಸೇರಿವೆ ಎಂದು ಹೇಳಬಹುದು. ನ್ಯೂಕ್ಲಿಯರ್ ಸ್ಕ್ಯಾನ್ ಕೂಡ ಹೀಗೆಯೇ. ಔಷಧಿ ಸೇರಿದ ಕಡೆ ಬೆಳಕು, ಸೇರದ ಕಡೆ ಕತ್ತಲು. ಈ ಎರಡರಿಂದಲೂ ವೈದ್ಯರು ರೋಗವನ್ನು ಓದುತ್ತಾರೆ.

ಈ ವಿದ್ಯೆ ಬಂದ ದಾರಿ

ವಿಕಿರಣಶೀಲ ವಸ್ತುವನ್ನು ‘ಗುರುತಿನ ಚೀಟಿ’ಯಂತೆ ಬಳಸುವ ಉಪಾಯವನ್ನು ತೋರಿಸಿಕೊಟ್ಟವರು ಹಂಗೇರಿ ಮೂಲದ ವಿಜ್ಞಾನಿ ಜಾರ್ಜ್ ಡಿ ಹೆವೆಸಿ. ಅವರು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬಾಡಿಗೆಗೆ ಇದ್ದಾಗ, ಊಟ ಹಾಕುವ ಮನೆಯೊಡತಿ ತಟ್ಟೆಯಲ್ಲಿ ಉಳಿದ ಆಹಾರವನ್ನೇ ಮತ್ತೆ ಬಡಿಸುತ್ತಾಳೆಂಬ ಸಂಶಯ ಅವರಿಗಿತ್ತಂತೆ. ಉಳಿದ ಆಹಾರಕ್ಕೆ ತುಸು ವಿಕಿರಣಶೀಲ ವಸ್ತು ಬೆರೆಸಿ, ಕೆಲವು ದಿನಗಳ ನಂತರ ಬಂದ ಊಟವನ್ನು ಉಪಕರಣದಿಂದ ಪರೀಕ್ಷಿಸಿ ಸಂಶಯ ನಿಜವೆಂದು ತೋರಿಸಿದರು ಎಂಬ ಕಥೆ ಪ್ರಸಿದ್ಧವಾಗಿದೆ. ಈ ವಿಧಾನಕ್ಕಾಗಿ ಅವರಿಗೆ 1943ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ದೊರೆಯಿತು.

1937ರಲ್ಲಿ ಇಟಲಿಯ ಕಾರ್ಲೊ ಪೆರಿಯರ್ ಮತ್ತು ಎಮಿಲಿಯೊ ಸೆಗ್ರೆ ಟೆಕ್ನೀಷಿಯಂ ಎಂಬ ಮೂಲವಸ್ತುವನ್ನು ಕಂಡುಹಿಡಿದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹಾಲ್ ಆಂಗರ್ ಗ್ಯಾಮಾ ಕ್ಯಾಮೆರಾವನ್ನು ರೂಪಿಸಿದರು. ಇವೆರಡೂ ಸೇರಿದ ಮೇಲೆ ಈ ಪರೀಕ್ಷೆ ಆಸ್ಪತ್ರೆಗಳಿಗೆ ಬಂದಿತು. ನಮ್ಮ ದೇಶದಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ 1956ರಲ್ಲಿ ‘ಅಪ್ಸರಾ’ ರಿಯಾಕ್ಟರ್ ಆರಂಭವಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿದ ವಿಕಿರಣ ವೈದ್ಯಕೀಯ ಕೇಂದ್ರ 1963ರಲ್ಲಿ ಮುಂಬಯಿಯ ಪರೇಲ್‌ನಲ್ಲಿ ಆರಂಭವಾಯಿತು. ದೇಶದ ಮೊದಲ ಪೆಟ್ ಸ್ಕ್ಯಾನರ್ ಕೂಡ 2002ರಲ್ಲಿ ಅಲ್ಲಿಯೇ ಬಂದಿತು. ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕೈಗಾದಂತಹ ಸ್ಥಾವರದ ಉದ್ದೇಶ ವಿದ್ಯುತ್ ತಯಾರಿಕೆ. ನಮ್ಮ ದೇಶದಲ್ಲಿ ತಯಾರಾಗುವ ಅಯೋಡಿನ್, ಮಾಲಿಬ್ಡಿನಂ ಮುಂತಾದ ವೈದ್ಯಕೀಯ ಐಸೊಟೋಪುಗಳು ಮುಖ್ಯವಾಗಿ ಬರುವುದು ಟ್ರಾಂಬೆಯ ‘ಧ್ರುವ’ ಎಂಬ ಸಂಶೋಧನಾ ರಿಯಾಕ್ಟರ್‌ನಿಂದ. ಅದು 1985ರಲ್ಲಿ ಆರಂಭವಾಯಿತು.

ಆಸ್ಪತ್ರೆಯಲ್ಲೊಂದು ‘ಹಸು’

ಈ ಪರೀಕ್ಷೆಗಳಲ್ಲಿ ಹೆಚ್ಚಾಗಿ ಬಳಸುವುದು ಟೆಕ್ನೀಷಿಯಂ-99ಎಂ. ಇದರ ಅರ್ಧಾಯುಷ್ಯ ಕೇವಲ 6 ಗಂಟೆ. ಅಂದರೆ ಪ್ರತಿ 6 ಗಂಟೆಗೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. 24 ಗಂಟೆ ಕಳೆಯುವಷ್ಟರಲ್ಲಿ ಹದಿನಾರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಮೂತ್ರದಲ್ಲಿ ಹೊರಹೋಗುವುದನ್ನು ಲೆಕ್ಕ ಹಿಡಿದರೆ ದೇಹದಲ್ಲಿ ಉಳಿಯುವುದು ಇನ್ನೂ ಕಡಿಮೆ. ರೋಗಿಗೆ ಇದು ಒಳ್ಳೆಯದೇ. ಆದರೆ ಆಸ್ಪತ್ರೆಗೆ ಇದೊಂದು ತೊಡಕು. ಇಷ್ಟು ಬೇಗ ಕರಗುವ ವಸ್ತುವನ್ನು ದೂರದ ಊರಿನಿಂದ ತಂದು ದಾಸ್ತಾನು ಮಾಡಲಾಗದು.

ಇದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯಕರವಾಗಿದೆ. ಮಾಲಿಬ್ಡಿನಂ-99 ಎಂಬ ವಸ್ತು ಸವೆಯುತ್ತಾ ಟೆಕ್ನೀಷಿಯಂ ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 66 ಗಂಟೆ. ಸೀಸದ ಕವಚದ ಚಿಕ್ಕ ಪಾತ್ರೆಯಲ್ಲಿ ಮಾಲಿಬ್ಡಿನಂ ಇಟ್ಟು ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿ ಪ್ರತಿದಿನ ಬೆಳಿಗ್ಗೆ ಉಪ್ಪುನೀರಿನ ದ್ರಾವಣ ಹಾಯಿಸಿ ಅಂದಿಗೆ ಬೇಕಾದ ಟೆಕ್ನೀಷಿಯಂ ತೆಗೆಯುತ್ತಾರೆ. ಮಾರನೆಯ ದಿನಕ್ಕೆ ಮತ್ತೆ ತುಂಬಿಕೊಂಡಿರುತ್ತದೆ. ಬೆಳಗಾಗೆದ್ದು ಹಾಲು ಕರೆದಂತೆ ಇರುವುದರಿಂದ ಪ್ರಪಂಚದೆಲ್ಲೆಡೆ ತಂತ್ರಜ್ಞರು ಇದನ್ನು ‘ಹಸು’ ಎಂದೇ ಕರೆಯುತ್ತಾರೆ. ಒಂದು ವಾರದ ಹೊತ್ತಿಗೆ ಹಸುವಿನ ಹಾಲು ಬತ್ತುತ್ತದೆ, ಹೊಸದು ಬರಬೇಕು.

ಹೃದಯ: ಕಾಲುವೆಯ ನೀರು ಗದ್ದೆಗೆ ತಲುಪಿತೇ?

ನ್ಯೂಕ್ಲಿಯರ್ ಮೆಡಿಸಿನ್ ಬಹಳ ಉಪಯೋಗಕ್ಕೆ ಬರುವ ಕಡೆಗಳಲ್ಲಿ ಹೃದಯವೂ ಒಂದು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳಲ್ಲಿ ಕೊಬ್ಬು ಕಟ್ಟಿದರೆ ಎದೆನೋವು ಬರುತ್ತದೆ. ನಾಳ ಎಷ್ಟು ಕಿರಿದಾಗಿದೆ ಎಂದು ಆಂಜಿಯೋಗ್ರಾಂ ತೋರಿಸುತ್ತದೆ. ಆದರೆ ಆ ಅಡಚಣೆಯಿಂದ ಸ್ನಾಯುವಿಗೆ ನಿಜವಾಗಿ ರಕ್ತ ಕಡಿಮೆಯಾಗಿದೆಯೇ ಎಂಬುದನ್ನು ತೋರಿಸುವುದು ನ್ಯೂಕ್ಲಿಯರ್ ಪರೀಕ್ಷೆ.

ಗದ್ದೆಗೆ ನೀರು ಹಾಯಿಸುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಲುವೆಯಲ್ಲಿ ಅರ್ಧ ಹೂಳು ತುಂಬಿದ್ದರೂ ನೀರಿನ ಅವಶ್ಯಕತೆ ಕಡಿಮೆ ಇರುವಾಗ ಕೊನೆಯ ಗದ್ದೆಗೂ ನೀರು ತಲುಪುತ್ತದೆ. ಎಲ್ಲ ಗದ್ದೆಗಳಿಗೂ ಒಟ್ಟಿಗೆ ನೀರು ಬೇಕಾದ ದಿನ ಕೊನೆಯ ಗದ್ದೆ ಒಣಗುತ್ತದೆ. ಹೃದಯವೂ ಹಾಗೆಯೇ. ಸುಮ್ಮನೆ ಕುಳಿತಾಗ ಸರಿಯಾಗಿ ಕಾಣುವ ಹೃದಯ, ಬಲೆ ಎಳೆಯುವಾಗ ಅಥವಾ ಏರು ಹತ್ತುವಾಗ ರಕ್ತ ಸಾಲದೆ ನೋಯುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಎರಡು ಸಲ ಮಾಡುತ್ತಾರೆ. ಒಮ್ಮೆ ವಿಶ್ರಾಂತಿಯಲ್ಲಿ, ಇನ್ನೊಮ್ಮೆ ಟ್ರೆಡ್‌ಮಿಲ್ ಮೇಲೆ ನಡೆಸಿದ ನಂತರ. ಮಂಡಿನೋವು ಇದ್ದವರಿಗೆ, ನಡೆಯಲಾಗದವರಿಗೆ ಅಡಿನೊಸಿನ್‌ನಂತಹ ಔಷಧಿ ಕೊಟ್ಟು ಅದೇ ಪರಿಣಾಮ ಉಂಟುಮಾಡುತ್ತಾರೆ.

ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೂರು ರೀತಿಯ ಉತ್ತರ ಸಿಗಬಹುದು. ಎರಡರಲ್ಲೂ ಬೆಳಕು ಸಮನಾಗಿದ್ದರೆ ರಕ್ತ ಸಂಚಾರ ಚೆನ್ನಾಗಿದೆ. ವಿಶ್ರಾಂತಿಯಲ್ಲಿ ಬೆಳಕಿದ್ದು ಶ್ರಮದಲ್ಲಿ ಒಂದು ಭಾಗ ಕಪ್ಪಾದರೆ ಅಲ್ಲಿ ಅಡಚಣೆಯಿದೆ, ಆದರೆ ಸ್ನಾಯು ಜೀವಂತವಾಗಿದೆ. ಎರಡರಲ್ಲೂ ಕಪ್ಪಾಗಿದ್ದರೆ ಹಿಂದಿನ ಹೃದಯಾಘಾತದಿಂದ ಆ ಭಾಗ ಸತ್ತು ಗಾಯದ ಕಲೆಯಾಗಿರಬಹುದು. ಈ ಕೊನೆಯ ಸಂದರ್ಭದಲ್ಲಿ ಸ್ನಾಯು ನಿಜವಾಗಿ ಸತ್ತಿದೆಯೋ ಅಥವಾ ರಕ್ತವಿಲ್ಲದೆ ‘ನಿದ್ರೆ’ಗೆ ಜಾರಿದೆಯೋ ಎಂದು ತಿಳಿಯಲು ಪೆಟ್ ಸ್ಕ್ಯಾನ್ ನೆರವಾಗುತ್ತದೆ. ನಿದ್ರಿಸುವ ಸ್ನಾಯು ಸಕ್ಕರೆಯನ್ನು ಹೀರಿಕೊಳ್ಳುತ್ತದೆ, ಸತ್ತದ್ದು ಹೀರುವುದಿಲ್ಲ. ಬೈಪಾಸ್ ಅಥವಾ ಸ್ಟೆಂಟ್‌ನಿಂದ ಪ್ರಯೋಜನ ಇದೆಯೇ ಎಂದು ನಿರ್ಧರಿಸುವಾಗ ಈ ಮಾಹಿತಿ ವೈದ್ಯರಿಗೆ ದೊಡ್ಡ ಸಹಾಯ. ಲಕ್ಷಾಂತರ ರೂಪಾಯಿಯ ಚಿಕಿತ್ಸೆಯ ಪ್ರಶ್ನೆ ಎದುರಿಗಿರುವ ಕುಟುಂಬಕ್ಕೂ ಅಷ್ಟೇ.

ಆದರೆ ಒಂದು ಎಚ್ಚರಿಕೆ. ಇದು ಈಗತಾನೆ ಆಗುತ್ತಿರುವ ಹೃದಯಾಘಾತಕ್ಕೆ ಮಾಡುವ ಪರೀಕ್ಷೆಯಲ್ಲ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಡಿದರೆ ಸ್ಕ್ಯಾನ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಕೂರಬಾರದು. ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಮೊದಲ ಚಿಕಿತ್ಸೆ ಆರಂಭಿಸಬಹುದು.

ಮೆದುಳು: ಸಕ್ಕರೆ ತೋರಿಸುವ ಗುಟ್ಟು

ನಮ್ಮ ಮೆದುಳಿನ ತೂಕ ದೇಹದ ತೂಕದ ನೂರರಲ್ಲಿ 2 ಭಾಗ. ಆದರೆ ಅದು ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಬಳಸುತ್ತದೆ. ಅದಕ್ಕೆ ಬೇಕಾದ ಮುಖ್ಯ ಇಂಧನ ಗ್ಲೂಕೋಸ್. ಈ ಗ್ಲೂಕೋಸಿಗೆ ವಿಕಿರಣಶೀಲ ಫ್ಲೋರಿನ್-18 ಕಟ್ಟಿ ತಯಾರಿಸಿದ ಔಷಧಿಯನ್ನು ಎಫ್.ಡಿ.ಜಿ. ಎನ್ನುತ್ತಾರೆ. ಇದನ್ನು 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಟ್ಟು ಮೆದುಳಿನ ಚಿತ್ರ ತೆಗೆಯಲಾಯಿತು. ಪೆಟ್ ಸ್ಕ್ಯಾನ್‌ನಲ್ಲಿ ಹೆಚ್ಚಾಗಿ ಬಳಸುವುದು ಇದನ್ನೇ.

ಮನೆಯ ಹಿರಿಯರಿಗೆ ಮರೆವು ಬಂದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಅಲ್ಜೈಮರ್ ಕಾಯಿಲೆಯಲ್ಲಿ ಮೆದುಳಿನ ಬದಿಯ ಮತ್ತು ಹಿಂಭಾಗದ ಕೆಲವು ಪ್ರದೇಶಗಳು ಸಕ್ಕರೆ ಬಳಸುವುದನ್ನು ಕಡಿಮೆ ಮಾಡುತ್ತವೆ. ಇನ್ನೊಂದು ಬಗೆಯ ಮರೆವಿನ ಕಾಯಿಲೆಯಲ್ಲಿ ಮುಂಭಾಗ ಮಂಕಾಗುತ್ತದೆ. ಎಂ.ಆರ್.ಐ.ನಲ್ಲಿ ಮೆದುಳು ಸವೆದದ್ದು ಎದ್ದುಕಾಣುವ ಮೊದಲೇ ಪೆಟ್ ಸ್ಕ್ಯಾನ್ ಈ ವ್ಯತ್ಯಾಸ ತೋರಿಸಬಲ್ಲದು. ಆದರೂ ಎಲ್ಲ ಮರೆವಿಗೂ ಈ ಸ್ಕ್ಯಾನ್ ಬೇಕಿಲ್ಲ. ಥೈರಾಯ್ಡ್ ದೋಷ, ಬಿ-12 ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಮೊದಲು ಅವುಗಳ ಪರೀಕ್ಷೆಯಾಗಬೇಕು.

ಕೈ ನಡುಗುವವರೆಲ್ಲ ಪಾರ್ಕಿನ್ಸನ್ ರೋಗಿಗಳಲ್ಲ. ಅನುಮಾನವಿದ್ದಾಗ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ನಿಭಾಯಿಸುವ ನರತಂತುಗಳು ಕಡಿಮೆಯಾಗಿವೆಯೇ ಎಂದು ತೋರಿಸುವ ವಿಶೇಷ ಸ್ಕ್ಯಾನ್ ಇದೆ. ಔಷಧಿಗೆ ಬಗ್ಗದ ಮೂರ್ಛೆರೋಗದಲ್ಲಿ ತೊಂದರೆಯ ಮೂಲ ಮೆದುಳಿನ ಯಾವ ಮೂಲೆಯಲ್ಲಿದೆ ಎಂದು ಹುಡುಕಲು, ಮೆದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆ ಆದ ಮೇಲೆ ಉಳಿದದ್ದು ಗಡ್ಡೆಯೋ ಗಾಯವೋ ಎಂದು ತಿಳಿಯಲು ಕೂಡ ಇದು ನೆರವಾಗುತ್ತದೆ.

ಇತರ ರೋಗಗಳಲ್ಲಿ

ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಸಕ್ಕರೆಯನ್ನು ಹೆಚ್ಚು ಹೀರುವುದರಿಂದ ಪೆಟ್-ಸಿ.ಟಿ. ಸ್ಕ್ಯಾನ್‌ನಲ್ಲಿ ಅವು ಹೊಳೆಯುತ್ತವೆ. ರೋಗ ಎಲ್ಲೆಲ್ಲಿ ಹರಡಿದೆ, ಕೀಮೋಥೆರಪಿ ಕೆಲಸ ಮಾಡುತ್ತಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಕ್ಷಯರೋಗದ ಗಂಟು, ಸೋಂಕು, ಉರಿಯೂತ ಕೂಡ ಹೊಳೆಯುತ್ತವೆ. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ ಇದನ್ನು ಮರೆಯಬಾರದು. ಆದ್ದರಿಂದ ವರದಿಯ ಒಂದು ಸಾಲು ಓದಿ ಧೈರ್ಯಗೆಡದೆ, ಬೇಕಿದ್ದರೆ ಬಯಾಪ್ಸಿ ಆಗುವವರೆಗೆ ಕಾಯಬೇಕು.

ಉಳಿದವುಗಳನ್ನು ಚಿಕ್ಕದಾಗಿ ಹೇಳುವುದಾದರೆ: ಎಲುಬಿನ ಸ್ಕ್ಯಾನ್ ಒಂದೇ ಸಲಕ್ಕೆ ಇಡೀ ಅಸ್ಥಿಪಂಜರವನ್ನು ತೋರಿಸುತ್ತದೆ. ಮೂತ್ರಪಿಂಡದ ಸ್ಕ್ಯಾನ್ ಎಡ ಮತ್ತು ಬಲ ಮೂತ್ರಪಿಂಡಗಳು ಎಷ್ಟೆಷ್ಟು ಕೆಲಸ ಮಾಡುತ್ತಿವೆ ಎಂದು ಬೇರೆಬೇರೆಯಾಗಿ ಹೇಳುತ್ತದೆ. ಥೈರಾಯ್ಡ್ ಸ್ಕ್ಯಾನ್ ಗಂಟು ಹೆಚ್ಚು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಸುತ್ತದೆ. ಹುಟ್ಟಿದ ಮಗುವಿನ ಕಾಮಾಲೆ ಇಳಿಯದಿದ್ದರೆ ಪಿತ್ತನಾಳ ತೆರೆದಿದೆಯೇ ಎಂದು ನೋಡುವ ಸ್ಕ್ಯಾನ್ ಸಹ ಇದೆ.

ವಿಕಿರಣ ಎಷ್ಟು?

ಈಗ ಮೊದಲಿನ ಭಯದ ಪ್ರಶ್ನೆಗೆ ಬರೋಣ. ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶ, ಆಹಾರ ಇವುಗಳಿಂದ ಪ್ರಪಂಚದ ಪ್ರತಿ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾನಾಗಿಯೇ ತಗಲುತ್ತದೆ. ಕೇರಳದ ಕೊಲ್ಲಂ ಜಿಲ್ಲೆಯ ಕರಾವಳಿಯಲ್ಲಿ ಮೊನಜೈಟ್ ಮರಳಿನಿಂದಾಗಿ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಎದೆಯ ಎಕ್ಸ್‌ರೇಯಲ್ಲಿ 0.1 ಅಥವಾ ಅದಕ್ಕೂ ಕಡಿಮೆ. ಎಲುಬಿನ ಸ್ಕ್ಯಾನ್‌ನಲ್ಲಿ ಸುಮಾರು 4ರಿಂದ 5. ಹೃದಯದ ಎರಡೂ ಹಂತದ ಪರೀಕ್ಷೆಯಲ್ಲಿ ಸುಮಾರು 10. ಪೆಟ್-ಸಿ.ಟಿ.ಯಲ್ಲಿ ಔಷಧಿಯಿಂದ ಬರುವುದರ ಜೊತೆಗೆ ಸಿ.ಟಿ.ಯದ್ದೂ ಸೇರುವುದರಿಂದ ಇನ್ನೂ ಹೆಚ್ಚಾಗಬಹುದು.

ಅಂದರೆ ವಿಕಿರಣ ಇಲ್ಲವೇ ಇಲ್ಲ ಎಂದು ಹೇಳುವುದು ಸರಿಯಲ್ಲ. ಕೆಲವು ವರ್ಷಗಳ ಸಹಜ ವಿಕಿರಣ ಒಂದೇ ದಿನ ಬಂದಂತೆ. ಅಪಾಯ ಬಹಳ ಚಿಕ್ಕದು. ನಿಜವಾದ ಅವಶ್ಯಕತೆ ಇದ್ದಾಗ ರೋಗ ತಿಳಿಯದೆ ಉಳಿಯುವ ಅಪಾಯ ಅದಕ್ಕಿಂತ ಬಹಳ ದೊಡ್ಡದು. ಅವಶ್ಯಕತೆ ಇಲ್ಲದೆ ‘ಒಮ್ಮೆ ಎಲ್ಲ ಚೆಕ್ ಮಾಡಿಸೋಣ’ ಎಂದು ಮಾಡಿಸುವ ಪರೀಕ್ಷೆಯಂತೂ ಇದಲ್ಲ. ನಮ್ಮ ದೇಶದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಯಾವ ಆಸ್ಪತ್ರೆಯೂ ಈ ವಿಭಾಗ ನಡೆಸುವಂತಿಲ್ಲ.

ಗರ್ಭಿಣಿಯರು, ಗರ್ಭದ ಸಂಶಯ ಇರುವವರು, ಮಗುವಿಗೆ ಹಾಲೂಡಿಸುವ ತಾಯಂದಿರು ಇದನ್ನು ಮೊದಲೇ ಹೇಳಲೇಬೇಕು. ಕೇಳಲಿಲ್ಲವೆಂದು ಸುಮ್ಮನಿರಬಾರದು. ಪರೀಕ್ಷೆಯ ನಂತರ ಹೆಚ್ಚು ನೀರು ಕುಡಿದು ಆಗಾಗ ಮೂತ್ರ ಮಾಡಿದರೆ ಔಷಧಿ ಬೇಗ ಹೊರಹೋಗುತ್ತದೆ. ಆ ದಿನ ವೈದ್ಯರು ಹೇಳಿದಷ್ಟು ಹೊತ್ತು ಹಸುಗೂಸನ್ನು ಮಡಿಲಲ್ಲಿ ಇಟ್ಟುಕೊಳ್ಳದಿರುವುದು, ಗರ್ಭಿಣಿಯರಿಂದ ತುಸು ದೂರ ಕೂರುವುದು ಒಳ್ಳೆಯದು. ಹೆಚ್ಚಿನ ಪ್ರಮಾಣದ ಅಯೋಡಿನ್ ಕೊಟ್ಟು ಮಾಡುವ ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆಯ ನಿಯಮಗಳೇ ಬೇರೆ. ಅದನ್ನೂ ಇದನ್ನೂ ಒಂದೇ ಎಂದು ತಿಳಿಯಬಾರದು.

ಹೊರಡುವ ಮೊದಲು ತಯಾರಿ

ದೂರದಿಂದ ಹೋಗುವ ನಮ್ಮಂಥವರಿಗೆ ಇದು ಬಹಳ ಮುಖ್ಯ. ತಯಾರಿ ತಪ್ಪಿದರೆ ಪರೀಕ್ಷೆ ಮುಂದೂಡಿ ವಾಪಸ್ ಕಳುಹಿಸುತ್ತಾರೆ.

1. ಹೃದಯದ ಪರೀಕ್ಷೆಗೆ 12ರಿಂದ 24 ಗಂಟೆ ಮೊದಲಿನಿಂದ ಚಹಾ, ಕಾಫಿ, ಕೋಲಾ, ಚಾಕೊಲೇಟ್ ಬಿಡಬೇಕಾಗುತ್ತದೆ. ಇವುಗಳಲ್ಲಿರುವ ಕೆಫೀನ್ ಒತ್ತಡ ಪರೀಕ್ಷೆಯ ಔಷಧಿಯನ್ನು ತಡೆಯುತ್ತದೆ.

2. ಬಿ.ಪಿ. ಮತ್ತು ಹೃದಯದ ಕೆಲವು ಮಾತ್ರೆಗಳನ್ನು ನಿಲ್ಲಿಸಲು ಹೇಳಬಹುದು. ವೈದ್ಯರು ಹೇಳದೆ ನಾವಾಗಿಯೇ ನಿಲ್ಲಿಸಬಾರದು. ಆಸ್ತಮಾ ಇದ್ದರೆ ತಪ್ಪದೆ ತಿಳಿಸಬೇಕು.

3. ಎಫ್.ಡಿ.ಜಿ. ಪೆಟ್ ಸ್ಕ್ಯಾನ್‌ಗೆ 4ರಿಂದ 6 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ನೀರು ಕುಡಿಯಬಹುದು. ಹಿಂದಿನ ದಿನ ಭಾರ ಹೊರುವ, ಓಡುವ ಕೆಲಸ ಬೇಡ, ದುಡಿದ ಸ್ನಾಯುಗಳು ಸಕ್ಕರೆ ಹೀರಿ ಚಿತ್ರ ಕೆಡಿಸುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರೆ ಅಥವಾ ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳಬೇಕು. ಹೃದಯದ ಪೆಟ್ ಸ್ಕ್ಯಾನ್‌ಗೆ ನಿಯಮ ಬೇರೆ ಇರಬಹುದು.

4. ಮೆದುಳಿನ ಪೆಟ್ ಸ್ಕ್ಯಾನ್‌ನಲ್ಲಿ ಚುಚ್ಚುಮದ್ದಿನ ನಂತರ ಮಂದ ಬೆಳಕಿನ ಕೋಣೆಯಲ್ಲಿ ಮಾತನಾಡದೆ, ಓದದೆ, ಮೊಬೈಲ್ ನೋಡದೆ ಇರಬೇಕು. ನೋಡಿದರೆ ನೋಡುವ ಭಾಗ, ಮಾತನಾಡಿದರೆ ಮಾತಿನ ಭಾಗ ಹೆಚ್ಚು ಸಕ್ಕರೆ ಹೀರುತ್ತದೆ.

5. ಹಳೆಯ ಎಲ್ಲ ವರದಿಗಳನ್ನು, ಔಷಧಿಗಳ ಪಟ್ಟಿಯನ್ನು ಒಯ್ಯಬೇಕು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ತಮ್ಮ ಪರೀಕ್ಷೆಗೆ ಅದು ಅನ್ವಯಿಸುತ್ತದೆಯೇ, ಯಾವ ರೆಫರಲ್ ಪತ್ರ ಬೇಕು ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಹೋಗುವ ಮೊದಲೇ ವಿಚಾರಿಸಬೇಕು.

6. ಸಮಯ ತಪ್ಪಬಾರದು. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಬೆಳಿಗ್ಗೆ 10 ಗಂಟೆಗೆ ನಿಮಗೆಂದು ಅಳೆದಿಟ್ಟ ಔಷಧಿ 11 ಗಂಟೆ 50 ನಿಮಿಷಕ್ಕೆ ಅರ್ಧವಾಗಿರುತ್ತದೆ. ಬಸ್ಸು ತಡವಾಯಿತೆಂದು ಅದು ಕಾಯುವುದಿಲ್ಲ. ಕುಮಟಾದಿಂದ ಮಣಿಪಾಲಕ್ಕೆ ಸುಮಾರು 150 ಕಿ.ಮೀ. ಮಳೆಗಾಲದಲ್ಲಿ ಹೆದ್ದಾರಿ, ಘಟ್ಟದ ರಸ್ತೆ ಬಂದ್ ಆಗುವುದು ಅಪರೂಪವಲ್ಲ. ಸಾಧ್ಯವಿದ್ದರೆ ಹಿಂದಿನ ಸಂಜೆಯೇ ಹೋಗಿ ತಂಗುವುದು ಉತ್ತಮ.

ನಮ್ಮ ಜಿಲ್ಲೆಯ ಮಾತು

ಇಲ್ಲಿ ಒಂದು ನೋವಿನ ವಿಷಯ ಹೇಳದೆ ಇರಲಾಗದು. ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಜನ ದೊಡ್ಡ ಕಾಯಿಲೆಗೆಲ್ಲ ಜಿಲ್ಲೆಯ ಗಡಿ ದಾಟಬೇಕಾಗಿ ಬಂದಿದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಪ್ರಾಣ ಕಳೆದುಕೊಂಡರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಊರೂರಿನಿಂದ ಎದ್ದಿತು. ಅಣುವಿನಿಂದ ನಾಡಿಗೆಲ್ಲ ವಿದ್ಯುತ್ ಕೊಡುವ ಜಿಲ್ಲೆಯ ಜನ, ಅಣುವಿನಿಂದ ರೋಗ ತಿಳಿಯಲು ಬೇರೆ ಜಿಲ್ಲೆಗೆ ಹೋಗಬೇಕಾಗಿದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಮುಂದಿಡುವಾಗ ಕಟ್ಟಡ, ಹಾಸಿಗೆಗಳ ಲೆಕ್ಕದ ಜೊತೆಗೆ ಇಂತಹ ಪರೀಕ್ಷಾ ವಿಭಾಗ, ಅದನ್ನು ನಡೆಸುವ ತಜ್ಞರು ಮತ್ತು ತಂತ್ರಜ್ಞರನ್ನೂ ನಾವು ಕೇಳಬೇಕು. ವಿಜ್ಞಾನ ಓದುವ ನಮ್ಮ ಮಕ್ಕಳಿಗೂ ಇದೊಂದು ಉದ್ಯೋಗದ ದಾರಿ. ಮಣಿಪಾಲದಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞಾನದ ಪದವಿ ಶಿಕ್ಷಣವಿದೆ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಪರೀಕ್ಷೆ ಬರೆದುಕೊಟ್ಟಾಗ ಸಂಕೋಚಪಡದೆ ಈ ನಾಲ್ಕು ಪ್ರಶ್ನೆ ಕೇಳೋಣ. ಈ ಸ್ಕ್ಯಾನ್‌ನಿಂದ ಏನು ತಿಳಿಯಬೇಕಾಗಿದೆ? ಉತ್ತರ ಹೀಗೆ ಬಂದರೆ, ಹಾಗೆ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಇದೇ ಉತ್ತರ ಎಕೋ, ಅಲ್ಟ್ರಾಸೌಂಡ್ ಮುಂತಾದ ಹತ್ತಿರದಲ್ಲೇ ಸಿಗುವ ಪರೀಕ್ಷೆಯಿಂದ ಸಿಗುವುದೇ? ತಡವಾದರೆ ತೊಂದರೆಯಿದೆಯೇ?

ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕರೆ ಭಯ ಬಿಟ್ಟು ಹೊರಡಬಹುದು. ಚಿಕಿತ್ಸೆಯಲ್ಲಿ ಏನೂ ಬದಲಾಗದು ಎಂದಾದರೆ ಆ ಪರೀಕ್ಷೆ ಈಗಲೇ ಬೇಕೇ ಎಂದು ಮತ್ತೊಮ್ಮೆ ಕೇಳುವ ಹಕ್ಕು ನಮಗಿದೆ. ಅಣು ಎಂಬ ಹೆಸರಿಗೆ ಹೆದರಿ ಹಿಂದೆ ಸರಿಯುವುದೂ ಬೇಡ, ದೊಡ್ಡ ಯಂತ್ರ ಎಂಬ ಕಾರಣಕ್ಕೆ ಸುಮ್ಮನೆ ಒಪ್ಪುವುದೂ ಬೇಡ. ತಿಳಿದುಕೊಂಡು ನಿರ್ಧರಿಸೋಣ, ಅಕ್ಕಪಕ್ಕದ ಮನೆಯವರಿಗೂ ತಿಳಿಸೋಣ.